ಒಂದೇ ಪಾತ್ರೆ, ಎರಡು ಸಾರು

ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡುವಿನಲ್ಲಿ ಚಳಿಗಾಲದ ಬಿಸಿಲು ಅಪರೂಪ. ಮೋಡ, ತೇವ, ಥಂಡಿ. ಅಲ್ಲಿನವರ ಅಚ್ಚುಮೆಚ್ಚಿನ ಊಟ ‘ಹುವೊಗುವೊ’. ಹಾಗೆಂದರೆ ಬೆಂಕಿಯ ಪಾತ್ರೆ. ಮೇಜಿನ ನಡುವೆ ಒಲೆಯಿಟ್ಟು, ಕುದಿಯುವ ಸಾರಿನಲ್ಲಿ ಬೇಕಾದ್ದನ್ನು ಬೇಯಿಸಿಕೊಂಡು ಎಲ್ಲರೂ ಸುತ್ತ ಕೂತು ತಿನ್ನುತ್ತಾರೆ.

ಅಲ್ಲಿದ್ದ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಹೋದಾಗ ನನಗೆ ಎರಡು ಚಿಂತೆ. ನಾನು ಮಾಂಸ ತಿನ್ನುವವಳಲ್ಲ. ಅಲ್ಲಿನ ಖಾರದ ಸಾರಿಗೆ ದನದ ಕೊಬ್ಬು ಹಾಕುವುದು ರೂಢಿ. ಇನ್ನೊಂದು, ಎಂಜಲು. ಎಲ್ಲರ ಕಡ್ಡಿಯೂ ಒಂದೇ ಪಾತ್ರೆಗೆ! ಹಾಗಾಗಿ ಅವರು ಹುವೊಗುವೊ ಮಾಡಿದ ದಿನ ನಾನು ಮೊದಲೇ ಅನ್ನ ಮೊಸರು ಉಂಡು ಕೋಣೆ ಸೇರುತ್ತಿದ್ದೆ.

“ಅಜ್ಜಿ, ನೀನೊಬ್ಬಳೇ ಯಾಕೆ ಊಟ ಮಾಡ್ತೀಯ?” ಎಂದಳು ಎಂಟು ವರ್ಷದ ಮೊಮ್ಮಗಳು. ನನ್ನ ಬಳಿ ಉತ್ತರವಿರಲಿಲ್ಲ.

ಉಪಾಯ ಆ ಊರಿನ ಅಡುಗೆಯಲ್ಲೇ ಇತ್ತು. ನಡುವೆ ಅಡ್ಡಗೋಡೆಯಿರುವ ‘ಯುವಾನ್‌ಯಾಂಗ್’ ಪಾತ್ರೆ; ಜೋಡಿಯಾಗಿ ಈಜುವ ಬಾತುಗಳ ಹೆಸರು ಅದಕ್ಕೆ. ಒಂದು ಕಡೆ ಖಾರದ ಸಾರು, ಇನ್ನೊಂದು ಕಡೆ ಸಪ್ಪೆ ಸಾರು. ಬಡಿಸಿಕೊಳ್ಳಲು ಬೇರೆ ಕಡ್ಡಿ, ಬಾಯಿಗೆ ಬೇರೆ ಕಡ್ಡಿ ಇಡುವ ಪದ್ಧತಿಯೂ ಅಲ್ಲಿದೆ.

ಆ ಭಾನುವಾರ ಮನೆಯಲ್ಲಿ ಎಲ್ಲವೂ ಸಸ್ಯಾಹಾರ. ಕೊಬ್ಬಿನ ಬದಲು ಎಣ್ಣೆ ಕಾಯಿಸಿ ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಚಕ್ರಮೊಗ್ಗು ಹುರಿದೆವು. ಕಾಳು ಮತ್ತು ಮೆಣಸಿನಕಾಯಿ ಹುದುಗಿಸಿ ಮಾಡುವ ‘ಡೋಬಾನ್‌ಜ್ಯಾಂಗ್’ ಎಂಬ ಗೊಜ್ಜು ಹಾಕಿ, ಎಣ್ಣೆ ಕೆಂಪಾದ ಮೇಲೆ ತರಕಾರಿ ಬೇಯಿಸಿದ ನೀರು ಸುರಿದೆವು. ಇನ್ನೊಂದು ಕಡೆಗೆ ಅದೇ ನೀರು, ಅಣಬೆ, ಶುಂಠಿ, ಉಪ್ಪು, ಅಷ್ಟೇ.

ಕೊನೆಗೆ ಮಗ ಒಂದು ಹಿಡಿ ‘ಹುವಾಜ್ಯಾವ್’ ಹಾಕಿದ. ಒಂದು ಕಾಳು ಬಾಯಿಗಿಟ್ಟೆ. ನಾಲಿಗೆ ಜುಮ್ ಎಂದಿತು! ಅದು ನಮ್ಮ ಮಲೆನಾಡಿನ ಜುಮ್ಮನಕಾಯಿಯ ಹತ್ತಿರದ ನೆಂಟ. ಚೀನೀಯರು ಈ ಜುಮ್ಮಿಗೆ ‘ಮಾ’ ಎನ್ನುತ್ತಾರೆ, ಖಾರಕ್ಕೆ ‘ಲಾ’. ಎರಡೂ ಸೇರಿದರೆ ಸಿಚುವಾನಿನ ರುಚಿ. ಮೆಣಸಿನಕಾಯಿ ಮಾತ್ರ ಅವರಿಗೂ ನಮಗೂ ಅಮೆರಿಕ ಖಂಡದಿಂದ ಬಂದದ್ದು.

ಮೊಮ್ಮಗಳು ನನಗೆ ಪಾಠ ಹೇಳಿದಳು: “ಸೊಪ್ಪು ಅರ್ಧ ನಿಮಿಷ ಸಾಕು. ತೋಫು, ತಾವರೆ ಬೇರು ಸ್ವಲ್ಪ ಹೊತ್ತು. ಆಲೂಗಡ್ಡೆ ಬಿಲ್ಲೆಗೆ ಕಾಯಬೇಕು.” ಬೆಂದದ್ದನ್ನು ಬೆಳ್ಳುಳ್ಳಿ ಜಜ್ಜಿ ಹಾಕಿದ ಎಳ್ಳೆಣ್ಣೆಯಲ್ಲಿ ಅದ್ದಿ ತಿಂದೆವು.

ಮಕ್ಕಳೇ, ಸಾರು ಕೊನೆಯವರೆಗೂ ಕುದಿಯುತ್ತಿರುತ್ತದೆ. ದೊಡ್ಡವರು ಪಕ್ಕದಲ್ಲಿ ಇರಲೇಬೇಕು. ಇದ್ದರೆ ಲಾಭವೂ ಉಂಟು. ಆಫೀಸಿನಿಂದ ಬಂದವನೇ ಫೋನು ಹಿಡಿಯುತ್ತಿದ್ದ ನನ್ನ ಮಗ ಆ ದಿನ ತನ್ನ ಶಾಲೆಯ ಕಥೆಗಳನ್ನೆಲ್ಲ ಮಗಳಿಗೆ ಹೇಳಿದ. ಆಲೂಗಡ್ಡೆ ಬೇಯುವ ತನಕ ಯಾರೂ ಎದ್ದು ಹೋಗುವಂತಿರಲಿಲ್ಲವಲ್ಲ!