ಡೊಂಬಿವಲಿಗೆ ಹೊರಟ ಪತ್ರೊಡೆ

ಡೊಂಬಿವಲಿಯ ಮಾರ್ಕೆಟಿನಲ್ಲಿ ಕೆಸುವಿನೆಲೆ ಸಿಗುತ್ತದೆ, ಮಳೆಗಾಲದಲ್ಲಿ ಮರದ ಮೇಲೆ ಚಿಗುರುವ ಮರಕೆಸು ಮಾತ್ರ ಸಿಗುವುದಿಲ್ಲ ಎನ್ನುವುದು ಅಕ್ಕನ ದೂರು. ಹಾಗಾಗಿ ಆಟಿ ತಿಂಗಳಲ್ಲಿ ಅಮ್ಮ ಬೇಯಿಸಿ, ಆರಿಸಿ, ಫ್ರೀಜರಿನಲ್ಲಿ ಕಲ್ಲಾಗಿಸಿದ ಪತ್ರೊಡೆಯ ಸುರುಳಿಗಳೂ ಕೋರಿ ಗಸಿಯ ಪ್ಯಾಕೆಟುಗಳೂ ಮಂಗಳೂರು ಸೆಂಟ್ರಲ್‌ನಲ್ಲಿ ನನ್ನ ಜೊತೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದವು.

ಪತ್ರೊಡೆಯ ಚಿಂತೆ ನನಗಿರಲಿಲ್ಲ, ಚಿಂತೆಯೆಲ್ಲ ಗಸಿಯದ್ದು. ತೆಂಗಿನಕಾಯಿ ಅರೆದು ಹಾಕಿದ ಕೋಳಿಸಾರು ಸೆಕೆ ತಾಗಿದರೆ ಬೇಗ ಹಳಸುತ್ತದೆ. ಅದರಲ್ಲಿ ಉಪ್ಪಿರುವುದರಿಂದ ಸೊನ್ನೆ ಡಿಗ್ರಿಗಿಂತ ಕೆಳಗೇ ಕರಗಲು ಶುರು. ಬರೀ ನೀರಿನ ಮಂಜುಗಡ್ಡೆ ಅದನ್ನು ತಣ್ಣಗಿಡುತ್ತದೆಯೇ ಹೊರತು ಕಲ್ಲಿನಂತೆ ಗಟ್ಟಿಯಾಗಿಡುವುದಿಲ್ಲ. ಅದಕ್ಕೇ ಕೆಲವು ಬಾಟಲಿಗಳಿಗೆ ಹಿಡಿ ಉಪ್ಪು ಕಲಸಿದ ನೀರು ತುಂಬಿದ್ದೆ. ಉಪ್ಪುನೀರಿನ ಗಡ್ಡೆ ಇನ್ನೂ ತಣ್ಣಗಿನ ಹಂತದಲ್ಲೇ ಕರಗುತ್ತಾ ಸುತ್ತಲಿನ ಶಾಖ ಹೀರುತ್ತದೆ. ಉಳಿದವು ಸಾದಾ ನೀರಿನವು. ಅವುಗಳ ಬಲವೂ ಕಡಿಮೆಯಲ್ಲ: ಒಂದು ಕಿಲೋ ಮಂಜುಗಡ್ಡೆ ಕರಗಿ ನೀರಾಗಲು ಹೀರುವ ಶಾಖದಿಂದ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಬಾಟಲಿಯ ಕುತ್ತಿಗೆವರೆಗೆ ತುಂಬಬಾರದು, ಅಷ್ಟೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ.

ಬಂದರಿನಿಂದ ತಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ನಡುವೆ ಗಸಿ, ಸುತ್ತ ಪತ್ರೊಡೆ, ಮೇಲೆ ಬಾಟಲಿಗಳು. ತಣ್ಣನೆಯ ಗಾಳಿ ಕೆಳಕ್ಕಿಳಿಯುತ್ತದಲ್ಲ. ಸಂದಿಗಳಿಗೆಲ್ಲ ಹಳೇ ಪೇಪರ್ ಮುದ್ದೆ ತುರುಕಿ ಮುಚ್ಚಳಕ್ಕೆ ಟೇಪ್ ಸುತ್ತಿದ್ದಾಯಿತು. ಪೆಟ್ಟಿಗೆ ಖಾಲಿ ಇದ್ದಷ್ಟೂ ಒಳಗಿನ ಗಾಳಿ ಓಡಾಡಿ ಶಾಖ ಹಂಚುತ್ತದೆ.

ಉಡುಪಿಯಲ್ಲಿ ಹತ್ತಿದ ಹಿರಿಯರೊಬ್ಬರು ಸೀಟಿನಡಿ ಇಣುಕಿ, "ಎಂಥ ಮಾರಾಯ್ರೆ, ಮೀನಾ?" ಎಂದರು. ವಿಷಯ ತಿಳಿದ ಮೇಲೆ, "ಡ್ರೈ ಐಸ್ ಹಾಕಬಹುದಿತ್ತಲ್ಲ" ಎಂದು ಸಲಹೆ ಕೊಟ್ಟರು. ಮೈನಸ್ 78 ಡಿಗ್ರಿಯ ಅದು ಕರಗಿ ನೀರಾಗುವುದಿಲ್ಲ, ನೇರ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಸಿಡಿಯಬಹುದು. ಕಿಟಕಿ ತೆರೆಯದ ಎಸಿ ಬೋಗಿಯಲ್ಲಿ ಮಕ್ಕಳು ಮಲಗುವ ಬರ್ತಿನ ಕೆಳಗೆ ಅದನ್ನಿಡಲು ನನಗೆ ಮನಸ್ಸು ಬರುವುದಿಲ್ಲ ಎಂದೆ. ಅವರೂ ಒಪ್ಪಿದರು.

ಕುಂದಾಪುರ, ಭಟ್ಕಳ, ಕಾರವಾರ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯಕ್ಕೆ ಕೊಂಕಣ ರೈಲ್ವೆಯಲ್ಲಿ ಗಾಡಿಗಳ ವೇಗ ತಗ್ಗಿಸುತ್ತಾರೆ, ವೇಳಾಪಟ್ಟಿಯೂ ಬೇರೆ. ಅದು ಬೇಕಾದ ಎಚ್ಚರವೇ. ಆದರೆ ಆ ಹೆಚ್ಚಿನ ಹೊತ್ತನ್ನೂ ಲೆಕ್ಕ ಹಿಡಿದು ಬಾಟಲಿ ತುಂಬಬೇಕು. ರಾತ್ರಿ ರತ್ನಾಗಿರಿಯ ಬಳಿ ಆರೂವರೆ ಕಿಲೋಮೀಟರ್ ಉದ್ದದ ಕರಬುಡೆ ಸುರಂಗದೊಳಗೆ ಗಾಡಿ ಸದ್ದು ಮಾಡುತ್ತಾ ಸಾಗುವಾಗ ಮುಚ್ಚಳ ತೆಗೆದು ನೋಡುವ ಆಸೆ ಬಲವಾಯಿತು. ಟೇಪಿನ ಮೇಲೆ ಕೈಯಾಡಿಸಿ ಸುಮ್ಮನಾದೆ. ಒಮ್ಮೆ ತೆರೆದರೂ ಹೊರಗಿನ ತೇವದ ಗಾಳಿ ಒಳನುಗ್ಗುತ್ತದೆ.

ಠಾಣೆಯಲ್ಲಿಳಿದು ಲೋಕಲ್ ಹಿಡಿದೆ. ಅಕ್ಕನ ಅಡುಗೆಮನೆಯಲ್ಲಿ ಟೇಪ್ ಕಿತ್ತಾಗ ಪತ್ರೊಡೆ ಕೈಗೆ ಕಲ್ಲಿನಂತೆ ಸಿಕ್ಕಿತು. ಸಾದಾ ಬಾಟಲಿಗಳಲ್ಲಿ ನೀರಿನ ನಡುವೆ ಗಡ್ಡೆ ತೇಲುತ್ತಿತ್ತು. ಗಸಿಯ ಪ್ಯಾಕೆಟುಗಳನ್ನು ಒತ್ತಿದರೆ ಒಳಗೆ ಮಂಜಿನ ಹರಳು ಕರಕರ ಅನ್ನುತ್ತಿದ್ದವು. ಹರಳಿದ್ದರೆ ಮತ್ತೆ ಫ್ರೀಜರಿಗೆ ಹಾಕಬಹುದು. ಅಂಚಿನ ಒಂದು ಮಾತ್ರ ಪೂರ್ತಿ ಕರಗಿತ್ತು, ಮುಟ್ಟಿದರೆ ಇನ್ನೂ ಕೊರೆಯುವಷ್ಟು ತಣ್ಣಗೆ. ಬೆಚ್ಚಗಾಗಿದ್ದರೆ ವಾಸನೆ ನೋಡುತ್ತಾ ಕೂರದೆ ಚೆಲ್ಲಿಬಿಡುತ್ತಿದ್ದೆ, ಕೆಟ್ಟದ್ದೆಲ್ಲ ಮೂಗಿಗೆ ತಿಳಿಯುವುದಿಲ್ಲ.

"ಇದನ್ನು ಈಗಲೇ ಚೆನ್ನಾಗಿ ಕುದಿಸುವಾ," ಎಂದು ಅಕ್ಕ ಬಾಣಲೆ ಇಟ್ಟಳು. "ಮಧ್ಯಾಹ್ನಕ್ಕೆ ರೊಟ್ಟಿ ಉಂಟು."