ನೆರೆಯಲ್ಲಿ ಕಂಡ ನೆರೆಹೊರೆ

ಕಷ್ಟವು ಮನುಷ್ಯನಿಗೆ ದೇವರು ಒಡ್ಡುವ ಪರೀಕ್ಷೆಯೆಂದು ಹಿರಿಯರು ಹೇಳುವುದುಂಟು. ಅಂತಹ ಪರೀಕ್ಷೆಯೊಂದಕ್ಕೆ ಬಾಲ್ಯದಲ್ಲಿ ನಾವೂ ಕುಳಿತಿದ್ದೆವು. ಸ್ವಂತ ಯೋಗ್ಯತೆಯಿಂದ ತೇರ್ಗಡೆಯಾದೆವೆಂದು ಹೇಳಿಕೊಳ್ಳಲಾರೆವು, ಕೃಪಾಂಕದಿಂದ ಪಾರಾದೆವು. ಆ ಸಂಗತಿಯನ್ನು ಕಿರಿಯ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆತನ ಗದಗಿಗೆ ಹೊಂದಿಕೊಂಡಿರುವ ಬೆಟಗೇರಿಯದು. ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮದಲ್ಲಿ, ಎಂದರೆ 1876-78ರಲ್ಲಿ, ಹೆತ್ತವರನ್ನು ಕಳೆದುಕೊಂಡ ಬಾಲಕನೊಬ್ಬನನ್ನು ಬಾಸೆಲ್ ಮಿಶನ್ನಿನವರು ಗಂಜಿಯಿತ್ತು ಸಲಹಿ, ಅಕ್ಷರವನ್ನೂ ನೇಯ್ಗೆಯನ್ನೂ ಕಲಿಸಿದರಂತೆ. ಆತನೇ ನಮ್ಮ ಅಜ್ಜಿಯ ತಾತ. ಆ ಮಗ್ಗದ ವಿದ್ಯೆಯೇ ಮುಂದೆ ನಮ್ಮ ತಂದೆಯವರನ್ನು ಗುಜರಾತಿನ ಸೂರತ್ ನಗರದ ವಿದ್ಯುತ್ ಮಗ್ಗಗಳ ಬಳಿಗೆ ಕರೆತಂದಿತು.

ಸೂರತ್ತಿನಲ್ಲಿ ನಾವು ಭಾನುವಾರಗಳಂದು ಗುಜರಾತಿ ಆರಾಧನೆಗೆ ಹೋಗುತ್ತಿದ್ದೆವು. ಆ ನಗರದಲ್ಲಿ ಲಂಡನ್ ಮಿಶನ್ 1815ರಲ್ಲಿ ಆರಂಭಿಸಿದ ಸೇವೆಯನ್ನು ಬಳಿಕ ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಶನ್ ಮುಂದುವರಿಸಿತು. ವಿಕ್ರಮ ಸಂವತ್ 1956ರಲ್ಲಿ, ಎಂದರೆ 1899-1900ರಲ್ಲಿ, ಗುಜರಾತನ್ನು ನಡುಗಿಸಿದ 'ಛಪ್ಪನಿಯೊ' ಕ್ಷಾಮದಲ್ಲಿ ಅಲ್ಲಿಯ ಮಿಶನ್‌ಗಳೂ ಅನಾಥ ಮಕ್ಕಳನ್ನು ಸಾಕಿದವು. ನಮ್ಮೊಡನೆ ಹಾಡುತ್ತಿದ್ದ ಕೆಲವರ ಹಿರಿಯರು ಹಾಗೆ ಬದುಕಿ ಉಳಿದವರೇ. ಆದರೆ ನಾವು ಆ ನಂಟನ್ನು ಅರಿಯದೆ, ಭಾಷೆ ಬೇರೆಯೆಂಬ ಸಂಕೋಚದಿಂದ ಹಿಂದಿನ ಸಾಲಿನಲ್ಲಿ ಕುಳಿತು, ಆರಾಧನೆ ಮುಗಿಯುತ್ತಲೇ ಮನೆಗೆ ಮರಳುತ್ತಿದ್ದೆವು.

2006ನೆಯ ಆಗಸ್ಟ್ ತಿಂಗಳು. ಮೇಲ್ಗಡೆ ಸುರಿದ ಮಳೆಗೆ ಉಕಾಯಿ ಜಲಾಶಯ ತುಂಬಿ, ಅಪಾರ ನೀರನ್ನು ತಾಪಿ ನದಿಗೆ ಬಿಡಲಾಯಿತು. ಹುಣ್ಣಿಮೆ ಸಮೀಪಿಸಿದ್ದುದರಿಂದ ಸಮುದ್ರದಲ್ಲಿಯೂ ಭರತ. 7ನೆಯ ತಾರೀಖಿನಿಂದ ನಗರದ ಬಹುಭಾಗ ಜಲಾವೃತವಾಯಿತು. ನಮ್ಮ ಚಾಳಿನ ಜನರೆಲ್ಲ ಮಾಳಿಗೆಯನ್ನೇರಿದೆವು. ಹಿಂದೂಗಳು, ಮುಸಲ್ಮಾನರು, ನಾವು, ಎಲ್ಲರೂ ಕೂಡಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ಸುತ್ತಲೂ ಕಣ್ಣು ಹಾಯುವಷ್ಟು ನೀರು. ಕುಡಿಯಲು ಮಾತ್ರ ಹನಿ ನೀರಿಲ್ಲ.

ಅವ್ವ ಹೇಗೋ ಒಂದು ಕೊಡ ನೀರನ್ನು ಮೇಲಕ್ಕೆ ತಂದಿದ್ದಳು. ಅದನ್ನು ಸೀರೆಯೊಂದರಿಂದ ಮುಚ್ಚಿ, ನಮ್ಮಿಬ್ಬರು ಅಣ್ಣತಮ್ಮಂದಿರ ಬೆನ್ನ ಹಿಂದೆ ಇರಿಸಿದಳು. ಕತ್ತಲಾದ ಮೇಲೆ ನೆರೆಮನೆಯ ಹಸುಗೂಸು ನೀರಡಿಸಿ ಅಳತೊಡಗಿತು. ಅದು ಅಳುವುದು ನಮಗೆ ಕೇಳಿಸುತ್ತಿತ್ತು. ಆದರೂ ನಾವು ಕದಲಲಿಲ್ಲ. ಇಂದಿಗೂ ಅದನ್ನು ನೆನೆದರೆ ತಲೆ ತಗ್ಗುತ್ತದೆ.

ಆಗ ಅಜ್ಜಿ ಹೇಳಿದಳು: "ಯವ್ವಾ, ಆ ಕೊಡ ಮುಚ್ಚಿಡಬ್ಯಾಡ. ನಮ್ಮ ತಾತ ಮಂದಿ ಕೊಟ್ಟ ಗಂಜಿ ಕುಡದು ಉಳದಾನ. ಅಂದು ಅವರು ಗಡಿಗಿ ಮುಚ್ಚಿಟ್ಟಿದ್ದರ ಇಂದು ನಾವೆಲ್ಲಿರತಿದ್ದಿವಿ?"

ಅವ್ವ ಒಂದು ಮಾತನ್ನೂ ಆಡದೆ ಸೀರೆಯನ್ನು ಸರಿಸಿದಳು. ಮೊದಲ ಲೋಟ ಆ ಕೂಸಿನ ತಾಯಿಗೆ ಹೋಯಿತು. ಕೊಡ ಬರಿದಾಗುವ ವೇಳೆಗೆ ಒಬ್ಬರ ಗಂಟಿನಿಂದ ಕಡಲೆಯೂ ಮತ್ತೊಬ್ಬರ ಗಂಟಿನಿಂದ ಬೆಲ್ಲವೂ ಹೊರಬಂದಿದ್ದವು. ಬಚ್ಚಿಟ್ಟವರು ನಾವಷ್ಟೇ ಆಗಿರಲಿಲ್ಲ! ಮೂರನೆಯ ದಿನ ದೋಣಿಯವರು ನೀರಿನ ಪೊಟ್ಟಣಗಳನ್ನು ತರುವವರೆಗೆ ಅದೇ ಎಲ್ಲರ ಆಹಾರ.

ನೆರೆ ಇಳಿದ ಮೇಲೆ ಮನೆಯಲ್ಲಿ ಮೊಣಕಾಲುದ್ದ ಕೆಸರು. ನೂಲಿನ ಕಟ್ಟುಗಳು, ನಮ್ಮ ಪಠ್ಯಪುಸ್ತಕಗಳು, ದವಸಧಾನ್ಯ ಎಲ್ಲವೂ ನಾಶವಾಗಿದ್ದವು. ಅಪ್ಪ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. ಅಷ್ಟರಲ್ಲಿ ಸಲಿಕೆ, ಬಕೀಟುಗಳನ್ನು ಹಿಡಿದು ಗುಜರಾತಿ ಸಭೆಯವರು ಬಂದರು. ಸಭಾಪಾಲಕರೇ ಮೊದಲು ಕೆಸರಿಗಿಳಿದರು. ನಮ್ಮ ಮನೆಯನ್ನಷ್ಟೇ ಅಲ್ಲ, ಜಾತಿಮತಗಳನ್ನು ಕೇಳದೆ ಇಡೀ ಚಾಳನ್ನು ತೊಳೆದರು. ಅವರಲ್ಲಿ ಮೂವರ ಮನೆಗಳು ಇನ್ನೂ ಕೆಸರಿನಲ್ಲಿಯೇ ಇದ್ದುವೆಂಬುದು ನಮಗೆ ತಿಳಿದದ್ದು ಆ ಬಳಿಕ. ಸಂಜೆ ಅವರು ಗುಜರಾತಿಯಲ್ಲಿ ಕೀರ್ತನೆಯೊಂದನ್ನು ಹಾಡಿದಾಗ, ಅಜ್ಜಿ ಅದೇ ರಾಗಕ್ಕೆ ಕನ್ನಡದಲ್ಲಿ ದನಿಗೂಡಿಸಿದಳು.

ದೇವರ ಕೃಪೆಯೆಂದರೆ ನೆರೆ ನಮ್ಮ ಮನೆಯನ್ನು ಬಿಟ್ಟು ಹರಿಯುವುದೆಂದು ನಾವು ತಿಳಿದಿದ್ದೆವು. ಅದು ಹಾಗಲ್ಲ. ಒಂದು ಕಾಲದಲ್ಲಿ ಗಂಜಿಯಾಗಿ ಬಂದದ್ದು ಇನ್ನೊಂದು ಕಾಲದಲ್ಲಿ ಸಲಿಕೆಯಾಗಿ ಬರುತ್ತದೆ. ನಮ್ಮ ಕೈಗೆ ಬಂದಾಗ ಒಂದು ಲೋಟ ನೀರಾಗಿ ಮುಂದಕ್ಕೆ ಹೋಗಬೇಕಾಗುತ್ತದೆ. ಅದನ್ನು ಮುಚ್ಚಿಡಲಾಗದು.

ಮರುವಾರ ನಾವು ಹಿಂದಿನ ಸಾಲನ್ನು ಬಿಟ್ಟು ಎಲ್ಲರ ನಡುವೆ ಕುಳಿತೆವು. ನೆರೆಯಲ್ಲಿ ನೆನೆದ ಅಜ್ಜಿಯ ಸತ್ಯವೇದವನ್ನು ಬಿಸಿಲಿಗಿಟ್ಟು ಒಣಗಿಸಿದೆವು. ಅದರ ಅಂಚುಗಳಲ್ಲಿ ತಾಪಿಯ ಕೆಸರಿನ ಬಣ್ಣ ಇನ್ನೂ ಉಳಿದಿದೆ.