ಹಿತ್ತಲ ಗಿಡವೂ ಮದ್ದೇ

ಬಂಟ್ವಾಳದಲ್ಲಿ ಹುಟ್ಟಿ, ಬೆಳ್ತಂಗಡಿ ತಾಲೂಕಿನಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ವರ್ಷವೂ ಮಕ್ಕಳನ್ನು ಮೈಸೂರು, ಬೇಲೂರು, ಹಳೇಬೀಡುಗಳಿಗೆ ಪ್ರವಾಸ ಕರೆದೊಯ್ಯುತ್ತಿದ್ದೆ. ಒಮ್ಮೆ ದುಡ್ಡು ಹೊಂದಿಸಲಾಗದೆ ಹುಡುಗಿಯೊಬ್ಬಳು ಮನೆಯಲ್ಲೇ ಉಳಿದಳು. ಮರಳಿ ಬಂದು, "ನೀನೇನು ಮಾಡಿದೆ?" ಎಂದೆ.

"ಅಜ್ಜನೊಟ್ಟಿಗೆ ವೇಣೂರಿನ ಗೊಮ್ಮಟನನ್ನು ನೋಡಿ ಬಂದೆ ಸರ್. ನೀವು ನೋಡಿದ್ದೀರಲ್ಲ?"

ನಾನು ನಿರುತ್ತರ. ಮೂಡುಬಿದಿರೆಗೆ ಹೋಗುವಾಗ ವೇಣೂರನ್ನು ಎಷ್ಟೋ ಸಲ ದಾಟಿದ್ದೆ, ಇಳಿದಿರಲಿಲ್ಲ.

ಮರುವಾರವೇ ಹೋದೆ. ಫಲ್ಗುಣಿಯ ದಡದಲ್ಲಿ, 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಏಕಶಿಲೆ! ಕ್ರೇನಿಲ್ಲದ ಕಾಲದಲ್ಲಿ ಇದನ್ನು ಎತ್ತಿದ್ದು ಹೇಗೆ? ಸನ್ನೆಕೋಲಿನ ಪಾಠವನ್ನು ಇಲ್ಲೇ ಮಾಡಬಹುದಿತ್ತಲ್ಲ ಎನಿಸಿತು. ಆಮೇಲೆ ಒಂದೊಂದೇ ನೋಡಿದೆ: ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ಟಿಪ್ಪುವಿನ ಕೋಟೆ ಹೊತ್ತ ಗಡಾಯಿಕಲ್ಲು, ಕೆಳಗೆ ಪಾರ್ವತಿ, ತುದಿಯಲ್ಲಿ ಶಿವನಿರುವ ನಮ್ಮ ಕಾರಿಂಜ ಬೆಟ್ಟ.

ರಜೆ ಬಂದರೆ ಊಟಿ, ಗೋವಾ ಎನ್ನುವ ನಾವು ಒಂದು ಭಾನುವಾರವನ್ನಾದರೂ ನಮ್ಮೂರಿಗೆ ಕೊಡಬಾರದೇ? ಕಣ್ಣಾರೆ ಕಾಣದ್ದನ್ನು ನಾಳೆ ಉಳಿಸಿಕೊಳ್ಳುವವರು ಯಾರು?

ಮುಂದಿನ ವರ್ಷ ನಮ್ಮ ಶಾಲೆಯ ಪ್ರವಾಸ ಸರ್ವಿಸ್ ಬಸ್ಸಿನಲ್ಲಿ ವೇಣೂರು, ಮೂಡುಬಿದಿರೆಗೆ ಹೋಯಿತು. ಬುತ್ತಿ ಮನೆಯದೇ. ಆ ಸಲ ಯಾವ ಮಗುವೂ ಮನೆಯಲ್ಲಿ ಉಳಿಯಲಿಲ್ಲ.